ಲಿಫ್ಟ್ ಕಿಟ್ ಆಮೇಲೆ, ಮೊದಲು ಕಿಂಗ್ ಪಿನ್ ನೋಡಿ

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಅಪ್ಪ ತಗೊಂಡಿದ್ದ 1994ರ ಮಹೀಂದ್ರ ಎಂಎಂ 540 ಜೀಪು ಇದೆ, ಪೂಜೊ ಎಂಜಿನ್. ಐದಾರು ವರ್ಷ ಕೊಟ್ಟಿಗೆಯಲ್ಲೇ ನಿಂತಿತ್ತು, ಈಗ ಓಡಿಸುತ್ತಿದ್ದೇನೆ. 50 ದಾಟಿದ ಮೇಲೆ ಒಂದು ಗುಂಡಿ ಸಿಕ್ಕರೆ ಸಾಕು, ಸ್ಟೇರಿಂಗ್ ಹುಚ್ಚು ಹಿಡಿದ ಹಾಗೆ ಅಲ್ಲಾಡುತ್ತದೆ. ಗ್ಯಾರೇಜಿನವರು ಸ್ಟೇರಿಂಗ್ ಡ್ಯಾಂಪರ್ ಹಾಕಿದರು, ಒಂದು ತಿಂಗಳು ಸರಿ ಇತ್ತು, ಮತ್ತೆ ಶುರುವಾಯಿತು. ಮುಂದಿನ ಎಡ ಚಕ್ರದ ಹತ್ತಿರ ಆಯಿಲ್ ಸೋರುತ್ತದೆ, ಸೀಲ್ ಎರಡು ಸಲ ಬದಲಾಯಿಸಿದೆ, ನಿಲ್ಲಲಿಲ್ಲ. ಫೋರ್ ವೀಲ್ ಹಾಕಿದರೆ ಲಿವರ್ ವಾಪಸ್ ಬರುವುದಿಲ್ಲ. ಹಿಂದಿನ ಎರಡು ಟೈರ್ ಹೊಸದು, ಮುಂದಿನದು ಹಳೆಯದು. ಗಾಡಿಯನ್ನು ನಾಲ್ಕು ಇಂಚು ಎತ್ತರಿಸಿ (ಲಿಫ್ಟ್ ಮಾಡಿ) 31 ಇಂಚಿನ ಟೈರ್ ಹಾಕಿ ಮೇಲುಕೋಟೆ ಬೆಟ್ಟದ ಕಡೆ ಹೋಗಬೇಕು ಅಂತ ಆಸೆ. ಇದನ್ನೆಲ್ಲ ಮನೆಯಲ್ಲೇ ನಾನೇ ಮಾಡಿಕೊಳ್ಳಬಹುದಾ?

ಉತ್ತರ: ಮಾಡಿಕೊಳ್ಳಬಹುದು. ಲಿಫ್ಟ್ ಒಂದನ್ನು ಬಿಟ್ಟು. ಈಗಿರೋ ಸ್ಥಿತಿಯಲ್ಲಿ ಆ ಗಾಡಿಗೆ ಲಿಫ್ಟೂ ಬೇಡ, 31 ಇಂಚಿನ ಟೈರೂ ಬೇಡ. ನೀವು ಮೂರು ಕಾಯಿಲೆ ಬರೆದಿದ್ದೀರಿ, ಆದರೆ ಮೂರೂ ಒಂದೇ ಗೂಡಿನವು: ಮುಂದಿನ ಆಕ್ಸಲ್, ಮತ್ತೆ ಜೋಡಿಯಲ್ಲದ ಟೈರು. ಲಿಫ್ಟ್ ಮಾಡಿದರೆ ಇದರಲ್ಲಿ ಒಂದೂ ಕಡಿಮೆಯಾಗುವುದಿಲ್ಲ, ಅಲ್ಲಾಟ ಮಾತ್ರ ಜಾಸ್ತಿಯಾಗುತ್ತದೆ. ಒಳ್ಳೆ ಸುದ್ದಿ ಏನಪ್ಪಾ ಅಂದರೆ, ಇದರಲ್ಲಿ ಮುಕ್ಕಾಲು ಕೆಲಸ ಒಂದೇ ಸಲ ಮುಂದಿನ ಚಕ್ರ ಬಿಚ್ಚಿದಾಗ ಮುಗಿಯುತ್ತದೆ, ಮತ್ತು ಕಂಪ್ಯೂಟರ್ ಹಾಕಿ ನೋಡೋ ಗಾಡಿ ಅಲ್ಲ ಇದು. ಮಹೀಂದ್ರದವರು 1947ರಲ್ಲಿ ವಿಲ್ಲೀಸ್ ಜೀಪು ಜೋಡಿಸೋಕೆ ಶುರು ಮಾಡಿದಾಗಿನ ವಂಶವೇ ನಿಮ್ಮ ಮುಂದಿನ ಆಕ್ಸಲ್. ಯುದ್ಧಭೂಮಿಯಲ್ಲಿ ಕೆಸರಲ್ಲಿ ಮಲಗಿ ಬಿಚ್ಚಿ ಕಟ್ಟಲಿ ಅಂತಲೇ ಮಾಡಿದ ಡಿಸೈನು. ಕೊಟ್ಟಿಗೆ ಸಾಕು.

ಮೊದಲು ಆ ಅಲ್ಲಾಟ. ಡ್ಯಾಂಪರ್ ಅನ್ನೋದು ಸ್ಟೇರಿಂಗಿನ ಅಲ್ಲಾಟ ಅದುಮೋ ಶಾಕ್ ಅಬ್ಸಾರ್ಬರ್, ಅದನ್ನು ಹಾಕಿದ್ದು ಜ್ವರಕ್ಕೆ ಮಾತ್ರೆ ಕೊಟ್ಟ ಹಾಗೆ. ನನಗೂ ಇದೇ ಆಗಿದೆ, ಅದಕ್ಕೇ ಹೇಳುತ್ತಿದ್ದೇನೆ. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬರುವಾಗ ಒಂದು ಹಂಪ್ ಇಳಿದಿದ್ದೇ ತಡ ಸ್ಟೇರಿಂಗ್ ಕೈ ಬಡಿದು ಹಾಕಿತು, ಹಿಂದೆ ಕಬ್ಬಿನ ಲಾರಿ ಬೇರೆ. ಒಂದು ಗ್ಯಾರೇಜಿನಲ್ಲಿ ಡ್ಯಾಂಪರ್ ಹಾಕಿಸಿದೆ. ಅದು ಸವೆದ ಮೇಲೆ ಎರಡನೆಯದು. ಆಮೇಲೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಚಕ್ರವನ್ನು ಜಾಕಿಯಲ್ಲಿ ಎತ್ತಿ, ಕೈಯಲ್ಲಿ ಒಂದೇ ಸಲ ಅಲ್ಲಾಡಿಸಿ, ಏನೂ ಮಾತಾಡದೆ ನನ್ನ ಮುಖ ನೋಡಿದರು. ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಯಾವ ಗೂಟದ ಮೇಲೆ ಎಡಕ್ಕೂ ಬಲಕ್ಕೂ ತಿರುಗುತ್ತದೋ ಅದೇ ಕಿಂಗ್ ಪಿನ್, ಅದರ ಬೇರಿಂಗ್ ಹೋಗಿತ್ತು. ಡ್ಯಾಂಪರ್ ಅದನ್ನು ಸುಮ್ನೆ ಮುಚ್ಚಿಟ್ಟಿತ್ತು, ಅಷ್ಟೇ.

ನೀವು ಮಾಡಬೇಕಾದ ಪರೀಕ್ಷೆಗೆ ದುಡ್ಡು ಬೇಡ, ಇನ್ನೊಬ್ಬರು ಬೇಕು. ಎಂಜಿನ್ ಆಫ್, ಚಕ್ರ ನೆಲದ ಮೇಲೆ. ಅವರು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸಣ್ಣದಾಗಿ ಆಡಿಸುತ್ತಿರಲಿ, ನೀವು ಕೆಳಗೆ ಮಲಗಿ ಒಂದೊಂದು ಜಾಯಿಂಟಿನ ಮೇಲೂ ಬೆರಳಿಟ್ಟು ನೋಡಿ. ಒಂದು ಕಡೆ ಕದಲಿ ಇನ್ನೊಂದು ಕಡೆ ಕದಲದೇ ಇದ್ದರೆ ಆ ಜಾಯಿಂಟ್ ಸತ್ತಿದೆ. ಟೈ ರಾಡ್ (ಎರಡೂ ಮುಂದಿನ ಚಕ್ರ ಜೋಡಿಸೋ ಕಂಬಿ) ಎಂಡುಗಳು, ಡ್ರ್ಯಾಗ್ ಲಿಂಕ್ (ಸ್ಟೇರಿಂಗಿನ ಕಡೆಯಿಂದ ಚಕ್ರದ ಕಡೆ ಹೋಗೋ ಕಂಬಿ), ಸ್ಟೇರಿಂಗ್ ಬಾಕ್ಸಿನ ಬೋಲ್ಟು, ಎಲ್ಲಾ ನೋಡಿ. ಕೆಲವು ಹಳೆ ಜೀಪುಗಳಲ್ಲಿ ಮುಂದಿನ ಅಡ್ಡಪಟ್ಟಿಯ ಮೇಲೆ ಬೆಲ್ ಕ್ರ್ಯಾಂಕ್ ಅಂತ ಒಂದು ತಿರುಗೋ ತುಂಡು ಇರುತ್ತದೆ. ನಿಮ್ಮದರಲ್ಲಿದ್ದರೆ ಅದರ ಬುಷ್ ಸವೆದಿರೋ ಸಾಧ್ಯತೆ ಜಾಸ್ತಿ. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸೋ ಕೊಂಡಿ, ಅಂದರೆ ಶ್ಯಾಕಲ್, ಅದರ ಬುಷ್ಷುಗಳನ್ನೂ ಬಿಡಬೇಡಿ. ಅದು ಅಂಡಾಕಾರವಾಗಿದ್ದರೆ ಇಡೀ ಆಕ್ಸಲ್ಲೇ ಅಡ್ಡಡ್ಡ ಜಾರುತ್ತದೆ, ಮೇಲೆ ಎಷ್ಟು ರಿಪೇರಿ ಮಾಡಿದರೂ ನೀರಲ್ಲಿ ಹೋಮ.

ಇದಾದ ಮೇಲೆ ಒಂದು ಚಕ್ರ ಎತ್ತಿ. ಟೈರಿನ ತಲೆ ಮತ್ತು ಬುಡ ಹಿಡಿದು ಒಳಗೂ ಹೊರಗೂ ಅಲ್ಲಾಡಿಸಿ. ಆಟ ಇದೆ ಅಂತಿಟ್ಟುಕೊಳ್ಳಿ. ಅದು ವೀಲ್ ಬೇರಿಂಗಿನದೋ ಕಿಂಗ್ ಪಿನ್ನಿನದೋ? ಇಲ್ಲೇ ಬಹಳ ಜನ ತಪ್ಪು ಸಾಮಾನು ತಂದು ದುಡ್ಡು ಕಳೆದುಕೊಳ್ಳುತ್ತಾರೆ. ಸ್ನೇಹಿತರಿಗೆ ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯೋಕೆ ಹೇಳಿ. ಬ್ರೇಕ್ ಹಿಡಿದಾಗ ಡ್ರಮ್ಮು ಹಿಂದಿನ ತಟ್ಟೆಗೆ ಕಚ್ಚಿಕೊಂಡು ಎರಡೂ ಒಂದೇ ತುಂಡಾಗುತ್ತವೆ, ಆಗ ವೀಲ್ ಬೇರಿಂಗಿನ ಆಟ ಮಾಯವಾಗುತ್ತದೆ. ಬ್ರೇಕ್ ಒತ್ತಿದ ಮೇಲೂ ಅಲ್ಲಾಡಿದರೆ ಅದು ಕಿಂಗ್ ಪಿನ್, ಅನುಮಾನವೇ ಬೇಡ.

ನಿಮ್ಮದು ಕಿಂಗ್ ಪಿನ್ನೇ ಅಂತ ನನ್ನ ಊಹೆ, ಕಾರಣ ಇದೆ. ಜೀಪು ಐದಾರು ವರ್ಷ ಚಕ್ರ ನೇರ ಇಟ್ಟುಕೊಂಡು ಒಂದೇ ಕಡೆ ನಿಂತಿತ್ತು. ಅದಕ್ಕೆ ಮೊದಲೂ, ಯಾವ ಗಾಡಿಯಾದರೂ ಮುಕ್ಕಾಲು ಪಾಲು ನೇರವಾಗೇ ಓಡುವುದು. ಕಿಂಗ್ ಪಿನ್ ಬೇರಿಂಗ್ ಪೂರ್ತಿ ಸುತ್ತುವುದೇ ಇಲ್ಲ, ಇದ್ದಲ್ಲೇ ಸ್ವಲ್ಪ ಆಚೀಚೆ ತಿರುಗುತ್ತದೆ. ಅದರ ರೋಲರುಗಳು ವರ್ಷಗಟ್ಟಲೆ ಅದೇ ಜಾಗದಲ್ಲಿ ಪೆಟ್ಟು ತಿಂದು ತಿಂದು ಕಪ್ಪಿನೊಳಗೆ (ರೋಲರುಗಳು ಕೂರೋ ಹೊರ ಬಳೆ) ಸಣ್ಣ ಸಣ್ಣ ಗುಳಿ ಮಾಡುತ್ತವೆ. ನಿಂತಾಗ ನೀರಿಳಿದು ತುಕ್ಕು ಹಿಡಿದಿದ್ದರೆ ಗುಳಿ ಇನ್ನೂ ಆಳ. ಆಮೇಲೆ ಸಿಮ್ (ಸಂದಿಗೆ ಇಡೋ ತೆಳು ತಗಡು) ತೆಗೆದು ಬಿಗಿ ಮಾಡಿದರೂ ಅಷ್ಟೇ: ಮಧ್ಯದಲ್ಲಿ ಸಡಿಲ, ಪಕ್ಕಕ್ಕೆ ತಿರುಗಿಸಿದರೆ ಬಿಗಿ. ನೇರ ಓಡುವಾಗಲೇ ಚಕ್ರಕ್ಕೆ ಹಿಡಿತ ಇರುವುದಿಲ್ಲ. ಒಂದು ಗುಂಡಿಯ ಪೆಟ್ಟು ಸಾಕು, ಎರಡೂ ಚಕ್ರ ಒಂದನ್ನೊಂದು ಎಳೆದಾಡೋಕೆ ಶುರು.

ಗುಳಿ ಬಿದ್ದಿದ್ದರೆ ಬೇರಿಂಗೂ ಕಪ್ಪೂ ಎರಡೂ ಹೊಸದು, ಮೇಲೂ ಕೆಳಗೂ, ಎರಡೂ ಕಡೆ. ಬರೀ ಎಡಗಡೆ ಮಾಡಿ ಬಿಡಬೇಡಿ. ಹೊಸದು ಕೂರಿಸಿದ ಮೇಲೆ ಬಿಗಿ ಎಷ್ಟಿರಬೇಕು ಅನ್ನೋದಕ್ಕೆ ತಕ್ಕಡಿ ಬೇಕು, ಮೀನು ತೂಗೋ ಸ್ಪ್ರಿಂಗ್ ತಕ್ಕಡಿ. ಟೈ ರಾಡ್ ಬಿಚ್ಚಿ, ಹೊರಗಿನ ಸೀಲ್ ಇನ್ನೂ ಹಾಕದೆ, ಟೈ ರಾಡ್ ಕೂರೋ ತೂತಿಗೆ ಕೊಕ್ಕೆ ಸಿಕ್ಕಿಸಿ ಎಳೆಯಿರಿ. ನಾನು ಆರು ಕೆಜಿ ಆಸುಪಾಸಿನಲ್ಲಿ ತಿರುಗೋ ಹಾಗೆ ಇಡುತ್ತೇನೆ. ಸಡಿಲ ಅನಿಸಿದರೆ ತೆಳು ಸಿಮ್ ಒಂದು ತೆಗೆಯಿರಿ, ಬಿಗಿಯಾದರೆ ಒಂದು ಸೇರಿಸಿ. ಮೇಲೂ ಕೆಳಗೂ ಸಿಮ್ ಇದ್ದರೆ ಎರಡು ಕಡೆಯಿಂದಲೂ ಸಮವಾಗಿ ತೆಗೆಯಿರಿ. ಒಂದೇ ಕಡೆ ತೆಗೆದರೆ ಒಳಗಿನ ಆಕ್ಸಲ್ ಜಾಯಿಂಟಿನ ಮಧ್ಯ ತಪ್ಪುತ್ತದೆ. "ಕೈಯಲ್ಲಿ ಅಂದಾಜು ಸಿಗುತ್ತೆ ಬಿಡಿ ಸಾರ್" ಅನ್ನೋರು ಸಿಗುತ್ತಾರೆ. ಅವರಿಗೆ ಸಿಗಬಹುದು, ನಿಮಗೂ ನನಗೂ ಸಿಗಲ್ಲ.

ಈಗ ಸೋರಿಕೆ. ಸೀಲ್ ಎರಡು ಸಲ ಬದಲಾಯಿಸಿದಿರಿ ಅಂದಿರಿ, ಯಾವ ಸೀಲ್ ಅಂತ ಬರೆದಿಲ್ಲ. ಅಲ್ಲಿ ಎರಡು ಇವೆ. ಚಕ್ರದ ಹಿಂದೆ ಗುಂಡಗೆ ಕಬ್ಬಿಣದ ಉಂಡೆ ಕಾಣುತ್ತದಲ್ಲ, ಅದನ್ನು ಒರೆಸಿಕೊಂಡು ತಿರುಗೋ ಹೊರಗಿನ ಸೀಲ್ ಒಂದು. ಉಂಡೆಯ ಒಳಗಡೆ, ಆಕ್ಸಲ್ ಶಾಫ್ಟ್ ಸುತ್ತ ಇರೋ ಒಳ ಸೀಲ್ ಇನ್ನೊಂದು. ಡಿಫರೆನ್ಷಿಯಲ್ಲಿನ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರುಗಳ ಗೂಡು) ಆಯಿಲ್ ಉಂಡೆಯೊಳಗೆ ಬರದ ಹಾಗೆ ತಡೆಯೋದು ಒಳಗಿನದು. ಸೋರಿದ್ದನ್ನು ಬೆರಳಲ್ಲಿ ತೆಗೆದು ನೋಡಿ. ದಪ್ಪ ಗ್ರೀಸಾದರೆ ಹೊರಗಿನದು ಹೋಗಿದೆ. ತೆಳ್ಳಗಿದ್ದು ಗಂಧಕದ ವಾಸನೆ ಹೊಡೆದರೆ ಒಳಗಿನದು ಹೋಗಿದೆ, ಆಯಿಲ್ ಬಂದು ಗ್ರೀಸನ್ನೆಲ್ಲ ಕರಗಿಸಿ ಹೊರಗೆ ತರುತ್ತಿದೆ. ನಿಮ್ಮದು ಆಯಿಲ್ ಅಂತ ಬರೆದಿದ್ದೀರಿ. ಹಾಗಾದರೆ ಹೊರಗಿನ ಸೀಲ್ ಹತ್ತು ಸಲ ಬದಲಾಯಿಸಿದರೂ ನಿಲ್ಲುವುದಿಲ್ಲ. ಹಾಗೇ ಬಿಟ್ಟರೆ ಆ ಆಯಿಲ್ ಬ್ರೇಕ್ ಶೂಗೂ ತಲುಪುತ್ತದೆ, ಬ್ರೇಕ್ ಒತ್ತಿದರೆ ಗಾಡಿ ಒಂದು ಕಡೆ ಎಳೆಯುತ್ತದೆ.

ಒಳ ಸೀಲ್ ಹಾಕಬೇಕಾದರೆ ಹಬ್ ಬಿಚ್ಚಿ ಆಕ್ಸಲ್ ಶಾಫ್ಟ್ ಎಳೆಯಬೇಕು. ಕಿಂಗ್ ಪಿನ್ನಿಗೂ ಅಷ್ಟೇ ಬಿಚ್ಚಬೇಕು. ಅದಕ್ಕೇ ಎರಡೂ ಒಂದೇ ಸಲ ಮಾಡಿ ಅಂದದ್ದು. ಆಗ ಆ ಉಂಡೆಯ ಮೇಲ್ಮೈಯನ್ನು ಉಗುರಿನಿಂದ ಸವರಿ. ಕೊಟ್ಟಿಗೆಯಲ್ಲಿ ನಿಂತ ಜೀಪಲ್ಲಿ ತುಕ್ಕಿನ ಗುಳಿಗಳಿರುತ್ತವೆ, ಅವು ಹೊಸ ಸೀಲನ್ನು ಅರದ ಹಾಗೆ ಉಜ್ಜಿ ಹಾಕುತ್ತವೆ. ಎಮರಿ ಕಾಗದದಲ್ಲಿ ಉಜ್ಜಿ, ಗುಳಿಗಳಿಗೆ ಮೆಟಲ್ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮತ್ತೆ ನಯ ಮಾಡಿ. ಕೊಟ್ಟಿಗೆ ಅಂದೆ ನೋಡಿ, ಸಗಣಿ ಗಂಜಲದ ಪಕ್ಕ ನಿಂತ ಗಾಡಿಯ ತುಕ್ಕು ಮಾಮೂಲಿ ತುಕ್ಕಲ್ಲ. ಅದರ ಮಾತು ಆಮೇಲೆ.

ಇನ್ನೊಂದು ಸಣ್ಣ ಸಾಮಾನು, ಎಲ್ಲರೂ ಮರೆಯುವುದು: ಬ್ರೀದರ್. ಆಕ್ಸಲ್ ಕೊಳವೆಯ ಮೇಲೆ ಹೆಬ್ಬೆರಳ ಗಾತ್ರದ ಒಂದು ಮೂತಿ ಇರುತ್ತದೆ, ಗಾಳಿ ಆಡೋದಕ್ಕೆ. ಗದ್ದೆ ಕೆಸರು ಒಣಗಿ ಅದು ಮುಚ್ಚಿಹೋದರೆ, ಓಡಿಸಿದಾಗ ಆಕ್ಸಲ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗಿ ಆಯಿಲನ್ನು ಸೀಲ್ ದಾಟಿಸಿ ಹೊರಗೆ ತಳ್ಳುತ್ತದೆ. ಎಷ್ಟು ಒಳ್ಳೆ ಸೀಲ್ ಹಾಕಿದರೂ ಸೋರುತ್ತದೆ. ಇದರ ಉಲ್ಟಾನೂ ಆಗುತ್ತದೆ. ಬಿಸಿ ಆಕ್ಸಲ್ ಇಟ್ಟುಕೊಂಡು ವಿ.ಸಿ. ನಾಲೆ ಪಕ್ಕದ ಹಳ್ಳದಲ್ಲಿ ಇಳಿಸಿದಿರಿ ಅನ್ನಿ, ತಣ್ಣಗಾದ ತಕ್ಷಣ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರು ಹೀರಿಕೊಳ್ಳುತ್ತದೆ. ಆಯಿಲ್ ಬಿಚ್ಚಿದಾಗ ಹಾಲು ಹಾಕಿದ ಕಾಫಿ ಬಣ್ಣ ಬಂದರೆ ಇದೇ ಕಥೆ. ಬ್ರೀದರ್ ತೆಗೆದು ಆ ತೂತಿಗೆ ನಿಪ್ಪಲ್ ಹಾಕಿ, ಆಯಿಲ್ ತಡೆಯೋ ರಬ್ಬರ್ ಪೈಪನ್ನು ಬಾನೆಟ್ ಒಳಗೆ ಎತ್ತರಕ್ಕೆ ಏರಿಸಿ ಕಟ್ಟಿ, ಬಾಯಿ ಕೆಳಮುಖ ಮಾಡಿ. ಹಿಂದಿನ ಆಕ್ಸಲ್ಲಿಗೂ ಹೀಗೇ. ಮಾಡಿಫಿಕೇಶನ್ ಮಾಡಲೇಬೇಕು ಅಂತ ಕೈ ತುರಿಸುತ್ತಿದ್ದರೆ ಇದರಿಂದ ಶುರು ಮಾಡಿ. ಲಿಫ್ಟ್ ಕಿಟ್ಟಿಗಿಂತ ಇದೇ ಜಾಸ್ತಿ ದಿನ ಗಾಡಿ ಉಳಿಸುತ್ತದೆ, ಫೋಟೋದಲ್ಲಿ ಕಾಣಲ್ಲ ಅನ್ನೋದೊಂದೇ ಕೊರತೆ.

ಆಯಿಲ್ ವಿಷಯಕ್ಕೆ ಬಂದೆವಲ್ಲ, ಗೇರ್ ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ (ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚೋ ಪೆಟ್ಟಿಗೆ) ಇರೋ ಹಳೆ ಜಗಳವನ್ನೂ ನೋಡಿಬಿಡಿ. ಎರಡರ ಮಧ್ಯದ ಶಾಫ್ಟ್ ಹತ್ತಿರ ಸವೆದರೆ ಇದರ ಆಯಿಲ್ ಅದಕ್ಕೆ ಹರಿಯುತ್ತದೆ. ಗೇರ್ ಬಾಕ್ಸ್ ಒಣಗುತ್ತದೆ, ಟ್ರಾನ್ಸ್‌ಫರ್ ಕೇಸ್ ತುಂಬಿ ಉಕ್ಕುತ್ತದೆ. ಕೆಳಗೆ ಸೋರಿಕೆ ನೋಡಿ ಟ್ರಾನ್ಸ್‌ಫರ್ ಕೇಸಿನ ಸೀಲ್ ಹೋಯಿತು ಅಂದುಕೊಳ್ಳುತ್ತೀರಿ, ಅತ್ತ ಗೇರ್ ಬಾಕ್ಸ್ ಸಾಯುತ್ತಿರುತ್ತದೆ. ಎರಡರ ಲೆವೆಲ್ ಪ್ಲಗ್ಗೂ ಒಂದೇ ದಿನ ಬಿಚ್ಚಿ ನೋಡಿ. ಗೇರ್ ಬಾಕ್ಸಿಗೆ ಜಿಎಲ್-4 ದರ್ಜೆಯ ಆಯಿಲ್, ಡಿಫರೆನ್ಷಿಯಲ್ಲಿಗೆ ಜಿಎಲ್-5. ಅಂಗಡಿಯವರು "ಎಲ್ಲಾ ತೊಂಬತ್ತು ನಂಬರ್ ಆಯಿಲ್ಲೇ" ಅಂತಾರೆ, ಗೇರ್ ಬಾಕ್ಸಿನೊಳಗಿನ ಹಿತ್ತಾಳೆ ರಿಂಗುಗಳಿಗೆ ಎಲ್ಲಾ ಒಂದೇ ಅಲ್ಲ.

ಲಿವರ್ ಸಿಕ್ಕಿಹಾಕಿಕೊಳ್ಳೋದು ನಿಜವಾಗಿ ಕಾಯಿಲೆಯೇ ಅಲ್ಲದೆ ಇರಬಹುದು. ನಿಮ್ಮ ಜೀಪಲ್ಲಿ ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ ಮಧ್ಯೆ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದರೆ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನದಕ್ಕಿಂತ ದೊಡ್ಡ ಸುತ್ತು ಹೋಗುತ್ತವೆ. ಕೆಸರಲ್ಲಾದರೆ ಎಲ್ಲೋ ಒಂದು ಚಕ್ರ ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಟಾರು ರಸ್ತೆಯಲ್ಲಿ ಜಾರುವುದಿಲ್ಲ, ಒದ್ದೆ ಬಟ್ಟೆ ಹಿಂಡಿದ ಹಾಗೆ ಶಾಫ್ಟುಗಳು ತಿರುಚಿಕೊಳ್ಳುತ್ತವೆ, ಆ ಒತ್ತಡಕ್ಕೆ ಗೇರ್ ಕಚ್ಚಿಕೊಂಡು ಲಿವರ್ ಬರುವುದಿಲ್ಲ.

ಇದಕ್ಕೆ ನಿಮ್ಮ ಟೈರುಗಳು ಇನ್ನೂ ಉಪ್ಪು ಖಾರ ಹಾಕಿವೆ. ಮುಂದಿನ ಹಳೆ ಟೈರು ಹಿಂದಿನ ಹೊಸದಕ್ಕಿಂತ 6 ಮಿಲಿಮೀಟರ್ ಸವೆದಿದೆ ಅಂತಿಟ್ಟುಕೊಳ್ಳಿ. ಒಂದು ಸುತ್ತಿಗೆ ಸುಮಾರು 38 ಮಿಲಿಮೀಟರ್ ವ್ಯತ್ಯಾಸ. ಈ ಗಾತ್ರದ ಟೈರು ಒಂದು ಕಿಲೋಮೀಟರಿಗೆ ಸುಮಾರು 435 ಸುತ್ತು ತಿರುಗುತ್ತದೆ. ಗುಣಿಸಿ ನೋಡಿ, ತಿರುವೇ ಇಲ್ಲದ ನೇರ ರಸ್ತೆಯಲ್ಲೂ ಕಿಲೋಮೀಟರಿಗೆ 16 ಮೀಟರ್ ಆಸುಪಾಸು ಎಲ್ಲೋ ಒಂದು ಕಡೆ ಟೈರು ಉಜ್ಜಿಕೊಳ್ಳಲೇಬೇಕು. ಉಜ್ಜದಿದ್ದರೆ ಶಾಫ್ಟು, ಕ್ರಾಸು, ಗೇರು ಆ ಭಾರ ಹೊರಬೇಕು. ಹಾಗಾಗಿ ನಾಲ್ಕೂ ಟೈರು ಒಂದೇ ಅಳತೆ, ಒಂದೇ ಮಾದರಿ, ಹೆಚ್ಚುಕಮ್ಮಿ ಒಂದೇ ಸವೆತ. ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಲೇಬೇಡಿ. ಸಿಕ್ಕಿಕೊಂಡಾಗ ಲಿವರ್ ಮೇಲೆ ಕಾಲಿಟ್ಟು ತುಳಿಯೋದೂ ಬೇಡ. ಸ್ಟೇರಿಂಗ್ ನೇರ ಇಟ್ಟು ಹತ್ತಡಿ ರಿವರ್ಸ್ ಹೋಗಿ, ಕ್ಲಚ್ ಒತ್ತಿ ಮೆಲ್ಲಗೆ ಎಳೆಯಿರಿ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ. ಗದ್ದೆಯಲ್ಲಿ ಓಡಿಸಿದಾಗಲೂ ಬರದಿದ್ದರೆ ಮಾತ್ರ ಟ್ರಾನ್ಸ್‌ಫರ್ ಕೇಸ್ ಬಿಚ್ಚೋ ಮಾತು.

ಈಗ ನಿಮ್ಮ ಆಸೆಯ ವಿಷಯ. ಸೈಕಲ್ ಕೈಬಿಟ್ಟು ಓಡಿಸಿದ್ದೀರಲ್ವಾ? ಮುಂದಿನ ಫೋರ್ಕು ಹಿಂದಕ್ಕೆ ವಾಲಿರೋದರಿಂದ ಚಕ್ರ ತಾನಾಗೇ ನೇರಕ್ಕೆ ಬರುತ್ತದೆ. ಜೀಪಲ್ಲೂ ಕಿಂಗ್ ಪಿನ್ ಹಾಗೇ ಒಂದೆರಡು ಮೂರು ಡಿಗ್ರಿ ಹಿಂದಕ್ಕೆ ವಾಲಿರುತ್ತದೆ, ಅದಕ್ಕೆ ಕ್ಯಾಸ್ಟರ್ ಅಂತಾರೆ. ಅಗ್ಗದ ಲಿಫ್ಟ್ ಅಂದರೆ ಸಾಮಾನ್ಯವಾಗಿ ಉದ್ದ ಶ್ಯಾಕಲ್. ಈ ಜೀಪುಗಳಲ್ಲೂ ಮಾರುತಿ ಜಿಪ್ಸಿಯಲ್ಲೂ ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಮುಂದುಗಡೆ ಇರುತ್ತದೆ. ಅದನ್ನು ಉದ್ದ ಮಾಡಿದರೆ ಸ್ಪ್ರಿಂಗಿನ ಮುಂದಿನ ತುದಿ ಕೆಳಗಿಳಿದು ಇಡೀ ಆಕ್ಸಲ್ ಮುಂದಕ್ಕೆ ಬಗ್ಗುತ್ತದೆ, ಕ್ಯಾಸ್ಟರ್ ಹೋಗುತ್ತದೆ. ಈಗಲೇ ಅಲ್ಲಾಡೋ ಗಾಡಿಗೆ ಇದು ಬೇಕಾ? ಅದರ ಜೊತೆ ಬ್ರೇಕ್ ಹೋಸ್ ಬಿಗಿಯುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಡ್ರ್ಯಾಗ್ ಲಿಂಕ್ ಓರೆಯಾಗಿ ಪ್ರತಿ ಗುಂಡಿಗೂ ಸ್ಟೇರಿಂಗ್ ತಾನೇ ತಿರುಗುತ್ತದೆ.

ಇನ್ನೊಂದು ಗಮನಿಸಿ. ಮೂವತ್ತು ವರ್ಷ ಭತ್ತದ ಮೂಟೆ ಹೊತ್ತ ಸ್ಪ್ರಿಂಗು ಮಲಗಿಹೋಗಿರುತ್ತದೆ. ಲಾರಿ ಪಟ್ಟಾ ಕೆಲಸ ಮಾಡೋರ ಹತ್ತಿರ ಕೊಟ್ಟರೆ ಬಿಚ್ಚಿ, ಕಾಯಿಸಿ ಬಗ್ಗಿಸಿ, ಮುರಿದ ಪಟ್ಟಿ ಬದಲಾಯಿಸಿ ಕೊಡುತ್ತಾರೆ. ಬುಷ್ಷು, ಮಧ್ಯದ ಬೋಲ್ಟು, ಯು ಬೋಲ್ಟು ಹೊಸದು ಹಾಕಿ. ನೀವು ಲಿಫ್ಟ್ ಅಂತ ಕನಸು ಕಂಡಿದ್ದರಲ್ಲಿ ಅರ್ಧ ಎತ್ತರ ಕಂಪನಿಯೇ ಕೊಟ್ಟಿದ್ದು, ಅದು ವಾಪಸ್ ಬರುತ್ತದೆ.

ಟೈರಿಗೂ ಲೆಕ್ಕ ಹಾಕೋಣ. ಕಂಪನಿಯ 6.00-16 ಟೈರಿನ ಎತ್ತರಕ್ಕೆ ಹತ್ತಿರ ಬರೋದು 235/75 ಆರ್ 15, ಸುಮಾರು 733 ಮಿಲಿಮೀಟರ್. 31 ಇಂಚಿನದು 787. ಅಂದರೆ ಶೇಕಡ 7ರಷ್ಟು ದೊಡ್ಡದು. ಮೀಟರ್ 60 ತೋರಿಸಿದಾಗ ನೀವು 64ರಲ್ಲಿ ಇರುತ್ತೀರಿ, ಅದೇನು ದೊಡ್ಡದಲ್ಲ. ಆದರೆ 2112 ಸಿಸಿಯ 62 ಕುದುರೆ ಶಕ್ತಿಯ ಎಂಜಿನ್ ಅದು, ಗೇರು ನಾಲ್ಕೇ. ಪ್ರತಿ ಗೇರೂ ಶೇಕಡ 7 ಭಾರವಾದ ಹಾಗೆ. ಬೆಟ್ಟ ಹತ್ತೋಕೆ ಅಂತ ಟೈರ್ ಹಾಕಿ, ಬೆಟ್ಟ ಹತ್ತುವಾಗಲೇ ಉಸಿರುಗಟ್ಟುತ್ತದೆ. ಡ್ರಮ್ ಬ್ರೇಕೂ ಅಷ್ಟೇ ಭಾರ ಜಾಸ್ತಿ ಹೊರಬೇಕು. 235 ಹಾಕಿ, ಸಾಕು. ಅದಕ್ಕೆ 15ರ ರಿಮ್ ಬೇಕು. ಜೀಪಿಗೂ ಜಿಪ್ಸಿಗೂ ಐದು ಬೋಲ್ಟು ಕೂರೋ ವೃತ್ತದ ಅಳತೆ ಒಂದೇ, 139.7 ಮಿಲಿಮೀಟರ್ ವ್ಯಾಸ, ಹಾಗಾಗಿ ರಿಮ್ ಹುಡುಕೋದು ಕಷ್ಟವಲ್ಲ. ಹೊರಗೆ ಚಾಚಿಕೊಂಡಿರೋ ಅಗಲದ ರಿಮ್ ಮಾತ್ರ ಬೇಡ. ನೋಡೋಕೆ ಗತ್ತು, ಆದರೆ ಚಕ್ರ ಹೊರಗೆ ಹೋದಷ್ಟೂ ನೀವು ಈಗ ತಾನೇ ಹಾಕಿದ ಕಿಂಗ್ ಪಿನ್ ಬೇರಿಂಗಿನ ಮೇಲೆ ಸನ್ನೆಕೋಲು ಹಾಕಿ ಮೀಟಿದ ಹಾಗೆ.

ಕಾನೂನಿನದ್ದು ಎರಡು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿ ಮಾಡಿದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸುವ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮುಂದೆ ಕಟ್ಟೋ ಕಬ್ಬಿಣದ ಬುಲ್ ಬಾರ್ ಕೂಡ 2017ರಿಂದಲೇ ಬೇಡ ಅಂದಿದ್ದಾರೆ. ನಿಮ್ಮ ಗಾಡಿಗೆ 15 ವರ್ಷ ಆಗಿ ಈಗ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ, 2029ರಲ್ಲಿ ಮತ್ತೆ ಆರ್‌ಟಿಒ ಮುಂದೆ ನಿಲ್ಲಿಸಬೇಕು. ಆಗ ಇನ್‌ಸ್ಪೆಕ್ಟರ್ ಚಾಸಿ ನಂಬರ್ ಹುಡುಕಲಿ, ಏಣಿ ಹುಡುಕೋ ಹಾಗಾಗಬಾರದು. ಎಂಜಿನ್ ಬದಲಾಯಿಸೋ ಯೋಚನೆ ಮುಂದೆ ಬಂದರೆ ಅದಕ್ಕೂ ಮೊದಲೇ ಅನುಮತಿ ಬೇಕು, ಗುಜರಿಯಿಂದ ತಂದು ಕೂರಿಸಿ ಆಮೇಲೆ ನೋಡೋಣ ಅನ್ನೋದಲ್ಲ. ಮೇಲುಕೋಟೆ ಅಂದಿರಿ, ಅಲ್ಲಿ ತೋಳಗಳಿಗೆ ಅಂತಲೇ ಇರೋ ವನ್ಯಜೀವಿಧಾಮ ಇದೆ, ಕಾಡೊಳಗೆ ಗಾಡಿ ನುಗ್ಗಿಸೋ ಹಾಗಿಲ್ಲ. ದೇವಸ್ಥಾನದ ಬೆಟ್ಟದವರೆಗೆ ಒಳ್ಳೆ ಟಾರು ರಸ್ತೆ, ಟೂ ವೀಲ್ ಸಾಕು.

ತುಕ್ಕಿನ ಮಾತು ಬಾಕಿ ಇತ್ತು. ನಮ್ಮ ಕಡೆ ಜೀಪಲ್ಲಿ ಯೂರಿಯಾ, ಡಿಎಪಿ ಮೂಟೆ ಸಾಗಿಸದೇ ಇರೋ ಮನೆ ಇಲ್ಲ. ಚೆಲ್ಲಿದ ಕಾಳು ಫ್ಲೋರಿನ ಸಂದಿಯಲ್ಲಿ ಕೂತು ಗಾಳಿಯ ತೇವ ಹೀರಿ ಉಪ್ಪುನೀರಿನ ಹಾಗೆ ಕಬ್ಬಿಣ ತಿನ್ನುತ್ತದೆ. ಫ್ಲೋರ್ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರಿನಲ್ಲಿ ಕುಟ್ಟಿ ನೋಡಿ. ಫ್ಲೋರಿನಲ್ಲಿ ತೂತು ಬಿದ್ದರೆ ಕತ್ತರಿಸಿ ತಗಡು ಹಾಕೋದು ನಿಮ್ಮ ಕೈಲಾಗುತ್ತದೆ. ಹಿಂದಿನ ಸ್ಪ್ರಿಂಗ್ ಕೂರೋ ಜಾಗದಲ್ಲಿ ಚಾಸಿಯೇ ತಿಂದಿದ್ದರೆ ಮಾತ್ರ ನೀವು ಬೆಸುಗೆ ಹಾಕಬೇಡಿ, ಕೆಲಸ ಗೊತ್ತಿರೋರ ಹತ್ತಿರ ಹೋಗಿ. ಅವರೂ ಚಾಸಿಗೆ ನೇರ ಅಡ್ಡ ಗೆರೆ ಎಳೆದ ಹಾಗೆ ಬೆಸುಗೆ ಹಾಕಿದರೆ ತಡೆಯಿರಿ. ಬೆಸುಗೆಯ ಪಕ್ಕದಲ್ಲೇ ಮುಂದೆ ಸೀಳು ಬರುತ್ತದೆ. ವಜ್ರಾಕಾರದ ಪ್ಲೇಟು ಓರೆಯಾಗಿ ಹಾಕಬೇಕು, ಬೆಸುಗೆಗೆ ಮುಂಚೆ ಬ್ಯಾಟರಿ ವೈರ್ ಬಿಚ್ಚಬೇಕು.

ನಿಮ್ಮ ಕೈಗೆ ಬೇಕಾದ ಸಾಮಾನು ಜಾಸ್ತಿ ಇಲ್ಲ, ಆದರೆ ಒಂದು ತಲೆನೋವಿದೆ. ಆಕ್ಸಲ್ಲು, ಚಾಸಿ ಎಲ್ಲ ಹಳೆ ಅಮೆರಿಕನ್ ಇಂಚಿನ ಬೋಲ್ಟು, ಪೂಜೊ ಎಂಜಿನ್ ಮಾತ್ರ ಮಿಲಿಮೀಟರ್. ಎರಡೂ ಸೆಟ್ ಬೇಕು. 9/16ರ ಸ್ಪ್ಯಾನರ್ 14ರ ಬೋಲ್ಟಿಗೆ ಕೂತ ಹಾಗೆ ಕಾಣುತ್ತದೆ, ಅದು ಬರೀ ನಟನೆ. ಹಬ್ಬಿನ ದೊಡ್ಡ ನಟ್ಟಿಗೆ ಅದರದೇ ಬಾಕ್ಸ್ ಸ್ಪ್ಯಾನರ್ ಕೊಳ್ಳಿ ಅಥವಾ ಮೈಸೂರಿನ ಬನ್ನಿಮಂಟಪದ ಕಡೆ ಲೇತಿನವರ ಹತ್ತಿರ ಮಾಡಿಸಿ, ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯೋದು ನಮ್ಮ ದೇಶದ ಸಂಪ್ರದಾಯ, ನೀವಾದರೂ ಬಿಡಿ. ಆ ನಟ್ ಬಿಗಿ ಮಾಡೋದು ಹೀಗೆ: ಚಕ್ರ ತಿರುಗಿಸುತ್ತಾ ಭಾರವಾಗೋವರೆಗೆ ಬಿಗಿದು, ಆಮೇಲೆ ಆರನೇ ಒಂದು ಸುತ್ತು ಸಡಿಲಿಸಿ, ಲಾಕ್ ವಾಷರ್ ಹಾಕಿ ಎರಡನೇ ನಟ್ ಬಿಗಿದು, ವಾಷರ್ ಮಡಚಿ. ಕೆಲವು ಹಳೆ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ ಉಲ್ಟಾ ಥ್ರೆಡ್. ಇದು ಗೊತ್ತಿಲ್ಲದೆ ಉದ್ದ ಪೈಪ್ ಹಾಕಿ ಎರಡು ಬೋಲ್ಟ್ ಮುರಿದವನು ಈ ಉತ್ತರ ಬರೆಯುತ್ತಿದ್ದಾನೆ.

ಜಾಕಿಯ ಮೇಲಿರೋ ಗಾಡಿಯ ಕೆಳಗೆ ಹೋಗಬೇಡಿ. ಸ್ಟ್ಯಾಂಡ್ ಎರಡು ಕೊಳ್ಳಿ, ಇಟ್ಟಿಗೆ ಬೇಡ, ಇಟ್ಟಿಗೆ ಹೇಳದೆ ಒಡೆಯುತ್ತದೆ. ಬಿಚ್ಚಿದ ಚಕ್ರವನ್ನು ಗೋಡೆಗೆ ಒರಗಿಸದೆ ಚಾಸಿಯ ಕೆಳಗೆ ಮಲಗಿಸಿ. ಒಂದು ಸಲ ನನ್ನ ಜಾಕಿ ಮಣ್ಣಿನಲ್ಲಿ ಹೂತು ಜಾರಿದಾಗ ಗಾಡಿ ಬಿದ್ದದ್ದು ಆ ಚಕ್ರದ ಮೇಲೆ, ನನ್ನ ಕೈ ಅಲ್ಲಿಂದ ಒಂದು ಗೇಣು ದೂರದಲ್ಲಿತ್ತು.

ಎಲ್ಲಾ ಕಟ್ಟಿದ ಮೇಲೆ ಟೋ ಇನ್, ಅಂದರೆ ಮುಂದಿನ ಚಕ್ರಗಳ ಮೂತಿ ಎಷ್ಟು ಒಳಗೆ ತಿರುಗಿದೆ ಅನ್ನೋದನ್ನು, ಮನೆಯಲ್ಲೇ ನೋಡಬಹುದು. ಎರಡೂ ಮುಂದಿನ ಟೈರಿನ ಮಧ್ಯಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಗೆರೆಗಳ ಮಧ್ಯದ ದೂರವನ್ನು ಮುಂದುಗಡೆ ಒಮ್ಮೆ ಹಿಂದುಗಡೆ ಒಮ್ಮೆ ಅಳೆಯಿರಿ. ಮುಂದುಗಡೆ ಒಂದೆರಡು ಮಿಲಿಮೀಟರ್ ಕಡಿಮೆ ಇರಬೇಕು. ಬ್ರೇಕ್ ಫ್ಲೂಯಿಡ್ ಹೊಸದು ಹಾಕಿ, ಐದಾರು ವರ್ಷದಲ್ಲಿ ಅದು ನೀರು ಕುಡಿದಿರುತ್ತದೆ, ಹೋಸುಗಳನ್ನು ಬಗ್ಗಿಸಿ ಬಿರುಕು ನೋಡಿ. ಡ್ಯಾಂಪರ್ ಬಿಚ್ಚಿ ಪಕ್ಕಕ್ಕಿಟ್ಟು ಪರೀಕ್ಷೆ ಮಾಡಿ, ಅದು ಇಲ್ಲದೆ ಗಾಡಿ ನೇರ ಓಡಬೇಕು. ಓಡಿಸೋಕೆ ದಶಪಥ ಹತ್ತಬೇಡಿ, ಸರ್ವಿಸ್ ರಸ್ತೆಯಲ್ಲಿ ಬೆಳಿಗ್ಗೆ ಬೇಗ ಹೋಗಿ, 40, 50, 60, ಒಂದೊಂದೇ. ಅಲ್ಲಾಟ ಶುರುವಾದರೆ ಬ್ರೇಕ್ ಕುಕ್ಕಬೇಡಿ, ಆಕ್ಸಿಲರೇಟರ್ ಬಿಟ್ಟು ಗಟ್ಟಿಯಾಗಿ ಹಿಡಿದು ನಿಧಾನಕ್ಕೆ ಇಳಿಸಿ.

ಕಿಂಗ್ ಪಿನ್ನಿನ ಕಪ್ ಕೈಗೆ ಬಂದಾಗ ಒರೆಸಿ, ಬಿಸಿಲಿಗೆ ಹಿಡಿದು ನೋಡಿ, ಒಳಗೆ ಸಾಲಾಗಿ ಗುಳಿ ಇದೆಯೋ ಇಲ್ಲವೋ ಬರೆಯಿರಿ. ಇಲ್ಲದಿದ್ದರೆ ನನ್ನ ಊಹೆ ತಪ್ಪು, ಆಗ ಸ್ಟೇರಿಂಗ್ ಬಾಕ್ಸ್ ಬಿಚ್ಚೋ ವಿಷಯ ಮಾತಾಡೋಣ.